ಮೂರು ದಿನದ ಅತಿಥಿ

ಅವ್ವನಿಗೆ ಮೊದಲು ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. "ಮಠಕ್ಕೆ ಸೇರ್ಬೇಕು ಅನ್ನಿಸ್ತಾ ಐತೆ ಕಣವ್ವ" ಅಂದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಯಾವ ಮಠ? ಸುತ್ತೂರು ಮಠವಾ?"

ಅವಳು ಹಾಗೆ ಕೇಳಿದ್ದು ಸಹಜ. ಮೈಸೂರು ಸೀಮೆಯಲ್ಲಿ ಮಠ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಸುತ್ತೂರೇ. ನಾವು ತಲೆಮಾರುಗಳಿಂದ ಕಥೋಲಿಕರು. ನಮ್ಮೂರ ಹುಡುಗರಲ್ಲಿ ಫಾದರ್ ಆದವರಿದ್ದಾರೆ, ಹೆಣ್ಣುಮಕ್ಕಳಲ್ಲಿ ಸಿಸ್ಟರ್ ಆದವರು ಇನ್ನೂ ಹೆಚ್ಚು. ಮಠವಾಸಿ ಆದವರು ಒಬ್ಬರೂ ಇಲ್ಲ. ಫಾದರ್ ಅಂದರೆ ಎಲ್ಲರಿಗೂ ಗೊತ್ತು: ಪೂಜೆ, ಮದುವೆ, ಮಣ್ಣು, ಐದಾರು ವರ್ಷಕ್ಕೊಮ್ಮೆ ವರ್ಗ. ಮಠದಲ್ಲಿರುವವರು ಏನು ಮಾಡುತ್ತಾರೆ?

"ಪ್ರಾರ್ಥನೆ ಮಾಡ್ತಾರೆ, ಕೆಲಸ ಮಾಡ್ತಾರೆ" ಅಂದೆ.

"ಅದ ಇಲ್ಲೇ ಮಾಡ್ತಾ ಇದೀಯಲ್ಲ."

ಆ ಮಾತಿಗೆ ಅವತ್ತು ನನ್ನ ಹತ್ತಿರ ಉತ್ತರವಿರಲಿಲ್ಲ. ಸಿಗುವುದಕ್ಕೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದೇ ದಾರಿಯಲ್ಲಿ ತಡಕಾಡುತ್ತಿರುವವರು ಕನ್ನಡದಲ್ಲಿ ಒಬ್ಬಿಬ್ಬರಾದರೂ ಇರಬಹುದು, ಅವರಿಗೆ ಬೇಕಾದೀತು ಅಂತ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಸಿಎನ್‌ಸಿ ಯಂತ್ರ ನಡೆಸುತ್ತಿದ್ದವನು. ಡಿಪ್ಲೊಮಾ ಮುಗಿಸಿ ಸೇರಿದ ಮೇಲೆ ಬೇರೆ ಕಡೆ ಹೋಗಲಿಲ್ಲ. ಕೆಲಸ ನನಗೆ ಇಷ್ಟವಿತ್ತು. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಲೋಹವನ್ನು ಹದಕ್ಕೆ ತರುವುದರಲ್ಲಿ ಒಂದು ನೆಮ್ಮದಿ ಇದೆ. ನನಗೆ ಇಪ್ಪತ್ತೆಂಟು ತುಂಬಿದ ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಯುವಕರೆಲ್ಲ ಒಂದು ದಿನದ ಧ್ಯಾನಕೂಟಕ್ಕೆ ಆಶೀರ್ವನಂಗೆ ಹೋದೆವು. ಕೆಂಗೇರಿ ದಾಟಿ ಕುಂಬಳಗೋಡಿನ ಹತ್ತಿರ, ಮೈಸೂರು ರಸ್ತೆಯ ಲಾರಿಗಳ ಸದ್ದಿನಿಂದ ಸ್ವಲ್ಪ ಒಳಗೆ ಇರುವ, ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಬೆನೆಡಿಕ್ಟಿನ್ ಮಠ ಅದು. ನೂರಾರು ಸಲ ಅದೇ ರಸ್ತೆಯಲ್ಲಿ ಊರಿಗೆ ಬಸ್ಸಿನಲ್ಲಿ ಹೋಗಿದ್ದೇನೆ. ಅಲ್ಲೊಂದು ಮಠವಿದೆ ಎಂದು ಗೊತ್ತೇ ಇರಲಿಲ್ಲ.

ಉಪನ್ಯಾಸಗಳಲ್ಲಿ ಏನು ಹೇಳಿದರೋ ಮರೆತಿದ್ದೇನೆ. ಸಂಜೆಯ ಪ್ರಾರ್ಥನೆ ಮಾತ್ರ ಮರೆತಿಲ್ಲ. ಸನ್ಯಾಸಿಗಳು ಎದುರುಬದುರಾಗಿ ಎರಡು ಸಾಲಿನಲ್ಲಿ ನಿಂತು ಬೈಬಲಿನ ಕೀರ್ತನೆಗಳನ್ನು ಹೇಳುತ್ತಿದ್ದರು. ಒಂದು ಚರಣ ಈ ಸಾಲು, ಮುಂದಿನದು ಆ ಸಾಲು. ಪ್ರತಿ ಚರಣದ ನಡುವೆ, ಮೊದಲರ್ಧ ಮುಗಿದ ಕೂಡಲೇ, ಎಲ್ಲರೂ ಒಟ್ಟಿಗೆ ನಿಲ್ಲುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಉಳಿದರ್ಧ. ಹೀಬ್ರೂ ಕೀರ್ತನೆಯ ಸಾಲು ಎರಡು ಭಾಗವಾಗಿ ಹೆಣೆದದ್ದು, ಆ ಜೋಡಣೆಯ ಜಾಗದಲ್ಲಿ ನಿಲ್ಲುವುದು ಹಳೆಯ ಪದ್ಧತಿ ಎಂದು ಆಮೇಲೆ ತಿಳಿಯಿತು. ಅವತ್ತು ನನಗೆ ತಿಳಿದಿದ್ದು ಇಷ್ಟೇ: ಅಷ್ಟೊಂದು ಜನ, ಯಾರೂ ಕೈ ಎತ್ತದೆ, ಸನ್ನೆ ಮಾಡದೆ, ಒಂದೇ ಕ್ಷಣಕ್ಕೆ ನಿಲ್ಲುತ್ತಾರೆ, ಒಂದೇ ಕ್ಷಣಕ್ಕೆ ಹೊರಡುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಕರೆಂಟ್ ಹೋದಾಗ ಮಾತ್ರ ನಿಶ್ಶಬ್ದವಾಗುತ್ತದೆ. ಇಲ್ಲಿ ಎಲ್ಲವೂ ಓಡುತ್ತಲೇ ಇತ್ತು, ಅದರೊಳಗೇ ನಿಶ್ಶಬ್ದವೂ ಇತ್ತು. ನನ್ನ ಪಕ್ಕದಲ್ಲಿದ್ದ ಗೆಳೆಯ "ಯಾಕೋ ಅಳ್ತಿದೀಯ?" ಅಂತ ಕೇಳಿದಾಗಲೇ ಕಣ್ಣು ತುಂಬಿದ್ದು ನನಗೆ ಗೊತ್ತಾದದ್ದು.

ಅವತ್ತಿನಿಂದ ರಾತ್ರಿ ಪಾಳಿಯ ಬಿಡುವಿನಲ್ಲಿ ಮೊಬೈಲಿನಲ್ಲಿ ಕನ್ನಡ ಬೈಬಲ್ ತೆರೆದು ಕೀರ್ತನೆ ಓದಲು ಶುರು ಮಾಡಿದೆ. ನಡುವೆ ನಿಲ್ಲುವುದನ್ನೂ ಅಭ್ಯಾಸ ಮಾಡಿದೆ. ಒಬ್ಬನೇ ನಿಲ್ಲುವಾಗ ಅದು ಬರೀ ಉಸಿರು ತೆಗೆದುಕೊಂಡ ಹಾಗಾಗುತ್ತಿತ್ತು.

ಆರು ತಿಂಗಳ ನಂತರ ಒಬ್ಬ ಹಿರಿಯ ಗುರುಗಳ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಅವರು ಯಾವ ಮಠಕ್ಕೂ ಸೇರಿದವರಲ್ಲ. ನನ್ನ ಪಾಪನಿವೇದನೆ ಕೇಳುತ್ತಿದ್ದವರು. ದೈವಕರೆ ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. "ಯಂತ್ರ ಕೈಕೊಟ್ಟ ದಿನ, ಮೇಲಿನವರು ಬೈದ ದಿನ ಮಠ ನೆನಪಾಗೋದು ದೊಡ್ಡದಲ್ಲ. ಎಲ್ಲ ಸರಿಯಾಗಿ ನಡೆದ ದಿನ, ಸಂಬಳ ಹೆಚ್ಚಾದ ದಿನ ನೆನಪಾಗುತ್ತಾ ನೋಡು. ಒಂದು ವರ್ಷ ಬರೆದಿಡು. ದಿನಕ್ಕೆ ಒಂದೇ ಸಾಲು" ಅಂದರು. ಬರೆದಿಟ್ಟೆ. ಆ ಪುಸ್ತಕ ಈಗಲೂ ಇದೆ. ಮೊದಲ ನಾಲ್ಕು ತಿಂಗಳು ಅವರು ಹೆದರಿದ ಹಾಗೆಯೇ ಇದೆ: ಬೇಸರವಾದ ದಿನವೆಲ್ಲ ಮಠ. ಐದನೆಯ ತಿಂಗಳಿಂದ ಬಣ್ಣ ಬದಲಾಗುತ್ತದೆ. ತಂಗಿಯ ಮದುವೆಯ ದಿನ, ಮನೆ ತುಂಬ ನೆಂಟರು, ಎಲ್ಲರೂ ನಗುತ್ತಿದ್ದ ದಿನ, ಬರೆದಿರುವ ಸಾಲು: "ಸಂತೋಷ. ಆದರೂ ಆರು ಗಂಟೆಗೆ ಅಲ್ಲಿ ಕೀರ್ತನೆ ಶುರುವಾಗಿರುತ್ತೆ."

ಅವರೇ ಸಂತ ಬೆನೆಡಿಕ್ಟರ ನಿಯಮಾವಳಿಯನ್ನೂ ಕೊಟ್ಟರು. ಆರನೆಯ ಶತಮಾನದಲ್ಲಿ ಇಟಲಿಯ ಮೊಂತೆ ಕಸಿನೊ ಬೆಟ್ಟದ ಮಠದಲ್ಲಿ ಬರೆದದ್ದು. ಒಂದು ಮುನ್ನುಡಿ, 73 ಅಧ್ಯಾಯ. "ಆಲಿಸು, ಮಗನೇ" ಅಂತ ಶುರುವಾಗುತ್ತದೆ. ಮೂರು ರಾತ್ರಿಯಲ್ಲಿ ಓದಿ ಮುಗಿಸಿದಾಗ ನನಗೆ ನಿರಾಸೆಯೇ ಆಯಿತು. ದರ್ಶನ, ಸಮಾಧಿ, ದೊಡ್ಡ ಅನುಭವಗಳನ್ನು ನಿರೀಕ್ಷಿಸಿದ್ದೆ. ಅಲ್ಲಿರುವುದು ವಾರಕ್ಕೆ 150 ಕೀರ್ತನೆಗಳನ್ನು ಹೇಗೆ ಹಂಚಿಕೊಳ್ಳಬೇಕು, ದಿನಕ್ಕೆ ಎಷ್ಟು ರೊಟ್ಟಿ, ಅಡುಗೆ ಸರದಿ ಯಾರದು, ತಡವಾಗಿ ಬಂದವನು ಎಲ್ಲಿ ನಿಲ್ಲಬೇಕು. ಎರಡನೆಯ ಸಲ ಓದುವಾಗ 31ನೆಯ ಅಧ್ಯಾಯದಲ್ಲಿ ಕಣ್ಣು ನಿಂತಿತು. ಉಗ್ರಾಣದವನು ಮಠದ ಎಲ್ಲ ಉಪಕರಣಗಳನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆ ನೋಡಿಕೊಳ್ಳಬೇಕು ಎಂದಿದೆ ಅಲ್ಲಿ. ಪಾಳಿ ಮುಗಿದ ಮೇಲೆ ಅಳತೆಯ ಉಪಕರಣವಾದ ವರ್ನಿಯರನ್ನು ಒರೆಸಿ, ಎಣ್ಣೆ ಹಚ್ಚಿ, ಅದರ ಪೆಟ್ಟಿಗೆಯಲ್ಲಿ ಇಡುವುದು ನನ್ನ ರೂಢಿ. ನನಗೆ ಕೆಲಸ ಕಲಿಸಿದ ಮೇಸ್ತ್ರಿ, ಮುಸಲ್ಮಾನರು, ಹಾಗೆ ಕಲಿಸಿದ್ದರು. ಸಾವಿರದೈನೂರು ವರ್ಷದ ಹಿಂದೆ ಒಬ್ಬರು ಅದನ್ನು ನೋಡಿ ಬರೆದಿಟ್ಟ ಹಾಗನ್ನಿಸಿತು. ಆಮೇಲೆ ಆ ಪುಸ್ತಕವನ್ನು ಕೈಬಿಟ್ಟಿಲ್ಲ.

ಮನಸ್ಸು ಗಟ್ಟಿಯಾದ ಮೇಲೆ ತಿರುಗಾಟ ಶುರುವಾಯಿತು. ಯಾವ ಮಠ ಎಂದು ತೀರ್ಮಾನಿಸಬೇಕಲ್ಲ. ಹೊರಗಿನವರಿಗೆ ತಿಳಿಯದ ಒಂದು ವಿಷಯ ಇಲ್ಲಿ ಹೇಳಬೇಕು. ಬೆನೆಡಿಕ್ಟಿನರು ಒಬ್ಬ ಮುಖ್ಯಸ್ಥರ ಕೆಳಗಿನ ಒಂದೇ ಸಂಸ್ಥೆಯಲ್ಲ. ಒಂದೊಂದು ಮಠವೂ ಒಂದೊಂದು ಮನೆ. ಮಠದ ಮುಖ್ಯಸ್ಥರಿಗೆ ಅಬಾಟರು ಎನ್ನುತ್ತಾರೆ. ರೋಮಿನಲ್ಲಿ ಒಬ್ಬ ಹಿರಿಯ ಅಬಾಟರು ಇದ್ದಾರೆ, 1893ರಲ್ಲಿ ಪೋಪ್ ಹದಿಮೂರನೆಯ ಲಿಯೊ ಮಾಡಿದ ಏರ್ಪಾಡು ಅದು. ಆದರೆ ಸನ್ಯಾಸಿಯನ್ನು ವರ್ಗ ಮಾಡುವ ಅಧಿಕಾರ ಅವರಿಗಿಲ್ಲ. ಇಲ್ಲಿನ ವ್ರತಗಳಲ್ಲಿ ಮೊದಲನೆಯದೇ ಸ್ಥಿರತೆ: ಈ ಮನೆಯಲ್ಲಿ, ಈ ಜನರ ಜೊತೆ, ಸಾಯುವ ತನಕ. ಹಾಗಾಗಿ "ಬೆನೆಡಿಕ್ಟಿನ್ ಆಗಬೇಕು" ಎಂಬ ಮಾತಿಗೆ ಅರ್ಥವೇ ಇಲ್ಲ. ಯಾವ ಮನೆ ಎಂದು ಹೇಳಬೇಕು.

ಕಾಗದ ಬರೆದು, ಧರ್ಮಕೇಂದ್ರದ ಗುರುಗಳ ಪತ್ರ ಜೊತೆಗಿಟ್ಟು, ರಜೆ ಸಿಕ್ಕಾಗಲೆಲ್ಲ ಹೊರಟೆ. ವಯನಾಡಿನ ಮಕ್ಕಿಯಾಡಿನಲ್ಲಿ ಬೆನೆಡಿಕ್ಟಿನರ ಸಿಲ್ವೆಸ್ಟ್ರಿನ್ ಶಾಖೆಯ ಮಠವಿದೆ, ಮೈಸೂರು ಕಡೆಯವರಿಗೆ ಹತ್ತಿರ. ಅಲ್ಲಿ ಮೂರು ದಿನ. ಆಮೇಲೆ ಕುರಿಸುಮಲ.

ಕೊಟ್ಟಾಯಂವರೆಗೆ ರೈಲು, ಅಲ್ಲಿಂದ ಈರಾಟ್ಟುಪೇಟ್ಟ, ಅಲ್ಲಿಂದ ಬೆಟ್ಟ ಸುತ್ತುತ್ತಾ ವಾಗಮೊನ್. ಹಸಿರು ಹುಲ್ಲಿನ ಬೋಳುಗುಡ್ಡಗಳು, ಅವುಗಳ ಮೇಲೆ ಮಂಜು. ಬೆಲ್ಜಿಯಂನ ಸ್ಕೂರ್‌ಮೊಂ ಮಠದಿಂದ ಬಂದ ಫ್ರಾನ್ಸಿಸ್ ಆಚಾರ್ಯರು 1958ರಲ್ಲಿ ಬೀಡ್ ಗ್ರಿಫಿತ್ಸರ ಜೊತೆಗೂಡಿ ಕಟ್ಟಿದ ಆಶ್ರಮ ಅದು. ಈ ಬೀಡ್ ಗ್ರಿಫಿತ್ಸರು ಅದಕ್ಕೂ ಮೊದಲು ಇದ್ದದ್ದು ನಮ್ಮ ಕೆಂಗೇರಿಯಲ್ಲಿ. ಇಂಗ್ಲೆಂಡಿನಿಂದ 1955ರಲ್ಲಿ ಬಂದವರು ಅಲ್ಲೊಂದು ಸಣ್ಣ ಆಶ್ರಮ ಮಾಡಿಕೊಂಡಿದ್ದರು. ಕುರಿಸುಮಲ ಈಗ ಟ್ರಾಪಿಸ್ಟರ ಸಂಘಕ್ಕೆ ಸೇರಿದೆ, 1998ರಿಂದ. ಅವರು ಪಾಲಿಸುವುದೂ ಬೆನೆಡಿಕ್ಟರ ನಿಯಮವನ್ನೇ, ಇನ್ನಷ್ಟು ಬಿಗಿಯಾಗಿ. ಪೂಜಾವಿಧಿ ಮಾತ್ರ ಸುರಿಯಾನಿ ಸಂಪ್ರದಾಯದ್ದು, ಕೇರಳದ ಮಲಂಕರ ಕಥೋಲಿಕರದು. ಕಾವಿ ಬಟ್ಟೆ, ನೆಲದ ಮೇಲೆ ಕೂತು ಪ್ರಾರ್ಥನೆ, ನೆಲದ ಮೇಲೆ ಕೂತು ಊಟ, ಮಾಂಸವಿಲ್ಲ. ಹಸು ಸಾಕಿ ಹಾಲು ಮಾರಿ ಬದುಕುತ್ತಾರೆ. ಸುತ್ತಲಿನ ಜನಕ್ಕೂ ಹೈನುಗಾರಿಕೆ ಕಲಿಸಿದವರು ಅವರೇ.

ಬೆಳಗಿನ ಜಾವ, ಇನ್ನೂ ಕಗ್ಗತ್ತಲಿರುವಾಗ ಗಂಟೆ. ಮಂಜಿನಲ್ಲಿ ಟಾರ್ಚ್ ಹಿಡಿದು ದೇವಾಲಯಕ್ಕೆ ನಡೆಯುವುದು. ಧೂಪ, ನಮಸ್ಕಾರ, ಅರ್ಥವಾಗದ ಮಲಯಾಳದಲ್ಲಿ ಉದ್ದನೆಯ ಹಾಡುಗಳು. ಮೊದಲ ಎರಡು ದಿನ ನಾನು ಸ್ವರ್ಗದಲ್ಲಿದ್ದೆ. ಮೂರನೆಯ ದಿನವೂ ಪರವಾಗಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಕೋಣೆಯಲ್ಲಿ ಕೂತಿದ್ದವನಿಗೆ ಕಾರಣವೇ ಇಲ್ಲದೆ ಎಲ್ಲ ಬರಿದಾಯಿತು. ಕಿಟಕಿಯಲ್ಲಿ ಅದೇ ಗುಡ್ಡ, ಅದೇ ಮಂಜು. ಗಡಿಯಾರ ನೋಡಿದೆ, ಎರಡೂಕಾಲು. ಎಷ್ಟೋ ಹೊತ್ತಾದ ಮೇಲೆ ನೋಡಿದೆ, ಎರಡೂವರೆ. ಇಲ್ಲಿ ನನಗೇನು ಕೆಲಸ, ಇವರೆಲ್ಲ ಯಾರು, ಕೆಳಗೆ ಹೋಗುವ ಬಸ್ಸು ಎಷ್ಟಕ್ಕೆ, ಇದೇ ಯೋಚನೆ. ಬ್ಯಾಗು ತುಂಬಿಸಿಯೂ ಬಿಟ್ಟೆ. ದುಃಖ ಎನ್ನಲಾಗದು. ದುಃಖಕ್ಕೆ ಕಾರಣವಿರುತ್ತದೆ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯುಸ್ ಎಂಬ ಸನ್ಯಾಸಿ ಇದನ್ನೇ ಬರೆದಿದ್ದಾನೆ ಎಂದು ನನ್ನ ಗುರುಗಳು ಆಮೇಲೆ ಹೇಳಿದರು. ಅದನ್ನು ಅವನು ನಡುಹಗಲಿನ ಪಿಶಾಚಿ ಎನ್ನುತ್ತಾನೆ. ಸೂರ್ಯ ಅಲುಗುವುದೇ ಇಲ್ಲ ಅನ್ನಿಸುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಇದ್ದ ಜಾಗದ ಮೇಲೆ, ಕೈಕೆಲಸದ ಮೇಲೆ ಹೇಸಿಗೆ ಹುಟ್ಟುತ್ತದೆ, ಬೇರೆ ಕಡೆ ಹೋದರೆ ಸರಿಹೋಗುತ್ತದೆ ಅನ್ನಿಸುತ್ತದೆ. ನನಗೆ ಆಗ ಅದು ಯಾವುದೂ ಗೊತ್ತಿರಲಿಲ್ಲ. ಬ್ಯಾಗು ಹಿಡಿದು ಹೊರಗೆ ಬಂದೆ. ಅಂಗಳದಲ್ಲಿ ಒಬ್ಬ ವಯಸ್ಸಾದ ಸನ್ಯಾಸಿ ಕುಡುಗೋಲು ಹಿಡಿದು ನಿಂತಿದ್ದರು. ಬ್ಯಾಗನ್ನು ನೋಡಿದರು, ಏನೂ ಕೇಳಲಿಲ್ಲ. ಇನ್ನೊಂದು ಕುಡುಗೋಲು ಕೊಟ್ಟರು. ಕತ್ತಲಾಗುವ ತನಕ ಇಬ್ಬರೂ ಹಸುಗಳಿಗೆ ಹುಲ್ಲು ಕೊಯ್ದೆವು. ಮಾತಿಲ್ಲ. ಪ್ರಾರ್ಥನೆಗೆ ಗಂಟೆಯಾದಾಗ ನನ್ನ ಕೈಯಲ್ಲಿ ಗುಳ್ಳೆ ಎದ್ದಿತ್ತು, ಬ್ಯಾಗು ಅಂಗಳದ ಮೂಲೆಯಲ್ಲಿ ಇಬ್ಬನಿಗೆ ಒದ್ದೆಯಾಗಿತ್ತು. ವಾರ ಪೂರ್ತಿ ಮುಗಿಸಿಯೇ ಇಳಿದೆ.

ಮುಂದಿನ ವರ್ಷ ಶಾಂತಿವನ. ತಮಿಳುನಾಡಿನ ಕುಳಿತ್ತಲೈ ಹತ್ತಿರ ತಣ್ಣೀರ್ಪಳ್ಳಿ, ಕಾವೇರಿಯ ದಡ. 1950ರಲ್ಲಿ ಮೊನ್ಶಾನೆಂ, ಲೆ ಸೋ ಎಂಬ ಇಬ್ಬರು ಫ್ರೆಂಚರು ಶುರು ಮಾಡಿದ ಆಶ್ರಮ. 1968ರಿಂದ ಬೀಡ್ ಗ್ರಿಫಿತ್ಸರು ನಡೆಸಿದರು, 1993ರಲ್ಲಿ ಅಲ್ಲೇ ತೀರಿಕೊಂಡರು, ಅಲ್ಲೇ ಅವರ ಸಮಾಧಿ. ಬೆನೆಡಿಕ್ಟರ ಕುಟುಂಬದಲ್ಲೇ ಏಕಾಂತಕ್ಕೆ ಹೆಚ್ಚು ಒತ್ತು ಕೊಡುವ ಕಮಾಲ್ಡೊಲಿ ಶಾಖೆಗೆ ಸೇರಿದೆ. ದೇವಾಲಯ ದಕ್ಷಿಣದ ಗುಡಿಯಂತಿದೆ, ಗೋಪುರವಿದೆ. ಬೆಳಗಿನ ಪ್ರಾರ್ಥನೆಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ. ನಮ್ಮ ಹಳ್ಳಿಯಲ್ಲಿ ವರ್ಷಕ್ಕೆ ಒಂದೇ ದಿನ ಹಣೆಗೆ ಬೂದಿ, ತಪಸ್ಸುಕಾಲ ಶುರುವಾಗುವ ಬುಧವಾರ. ಅಲ್ಲಿ ದಿನವೂ ಸಂಜೆ ಹಣೆ ಒಡ್ಡುವಾಗ "ಮಣ್ಣಿಂದ ಬಂದವನು, ಮಣ್ಣಿಗೆ ಮರಳುತ್ತೀ" ಎಂಬ ಮಾತು ಒಳಗೆ ತಾನಾಗಿ ಬರುತ್ತಿತ್ತು. ಸಾವನ್ನು ದಿನವೂ ಕಣ್ಣ ಮುಂದಿಟ್ಟುಕೊ ಎಂದು ನಿಯಮಾವಳಿಯ ನಾಲ್ಕನೆಯ ಅಧ್ಯಾಯವೂ ಹೇಳುತ್ತದೆ.

ಕಾವೇರಿಯ ಬಗ್ಗೆ ಹೇಳದೆ ಇರಲಾರೆ. ನಮ್ಮ ಗದ್ದೆಗೆ ನಾಲೆಯಲ್ಲಿ ಬರುವುದು ಅದೇ ನೀರು. ಅಲ್ಲಿ ನದಿ ಎಷ್ಟು ಅಗಲವೆಂದರೆ ಆಚೆ ದಡದ ತೆಂಗಿನ ಮರಗಳು ಗೆರೆಯಂತೆ ಕಾಣುತ್ತವೆ. ನಾನು ಹೋದಾಗ ಮುಕ್ಕಾಲು ಪಾಲು ಮರಳು, ನಡುವೆ ತೆಳ್ಳಗೆ ನೀರು. ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಗಂಟೆ ಧ್ಯಾನ, ಮುಳುಗುವಾಗ ಒಂದು ಗಂಟೆ. ಮರಳಿನ ಮೇಲೆ ಕೂತು ಆ ಎರಡು ಗಂಟೆ ಕಳೆದ ಹತ್ತು ದಿನ ನನ್ನ ಬದುಕಿನ ಅತ್ಯಂತ ನೆಮ್ಮದಿಯ ದಿನಗಳು. ಪಿಶಾಚಿ ಬರಲಿಲ್ಲ. ಇದೇ ನನ್ನ ಜಾಗ ಎಂದು ನಿಶ್ಚಯಿಸಿಕೊಂಡು ಬೆಂಗಳೂರಿಗೆ ಬಂದೆ. ಎರಡು ವಾರಕ್ಕೆ ಇನ್ನೊಂದು ಆಸೆ ಮೊಳೆಯಿತು: ತೀರ್ಮಾನಕ್ಕೆ ಮೊದಲು ಶ್ರೀಲಂಕಾದ ಮಠಗಳನ್ನೂ ಒಮ್ಮೆ ನೋಡಿಬಿಡಬೇಕು.

ಅದನ್ನು ಹೇಳಲು ಹೋದಾಗ ಗುರುಗಳು ಮಾತಾಡದೆ ನಿಯಮಾವಳಿಯ ಮೊದಲ ಅಧ್ಯಾಯ ತೆಗೆದು ಜೋರಾಗಿ ಓದು ಅಂದರು. ಎಷ್ಟೋ ಸಲ ಓದಿದ್ದ ಅಧ್ಯಾಯ. ಸನ್ಯಾಸಿಗಳಲ್ಲಿ ನಾಲ್ಕು ಬಗೆ. ಮಠದಲ್ಲಿ ಒಬ್ಬ ಅಬಾಟರ ಕೆಳಗೆ ಕೂಡಿ ಬಾಳುವವರು. ಮಠದಲ್ಲಿ ಪಳಗಿದ ಮೇಲೆ ಒಂಟಿಯಾಗಿ ಹೋದ ಏಕಾಂತವಾಸಿಗಳು. ತಮಗೆ ತೋಚಿದ್ದನ್ನೇ ನಿಯಮ ಮಾಡಿಕೊಂಡವರು. ನಾಲ್ಕನೆಯವರು ಅಲೆಮಾರಿಗಳು: ಬದುಕಿಡೀ ಊರೂರು ತಿರುಗುತ್ತಾ ಒಂದೊಂದು ಮಠದಲ್ಲಿ ಮೂರು ನಾಲ್ಕು ದಿನ ಅತಿಥಿಯಾಗಿ ಉಳಿಯುವವರು, ಎಲ್ಲೂ ನೆಲೆ ನಿಲ್ಲದವರು, ತಮ್ಮ ಇಚ್ಛೆಗೆ ತಾವೇ ಆಳಾದವರು. ಅವರ ಬಗ್ಗೆ ಮಾತಾಡುವುದಕ್ಕಿಂತ ಸುಮ್ಮನಿರುವುದೇ ಮೇಲು ಎನ್ನುತ್ತಾರೆ ಸಂತರು.

"ಮೂರು ನಾಲ್ಕು ದಿನ" ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತುಹೋಯಿತು.

ಮಠಗಳನ್ನು ನೋಡಬಾರದು ಎಂದು ನಾನು ಹೇಳುತ್ತಿಲ್ಲ. ನೋಡದೆ ಸೇರುವುದು ಇನ್ನೂ ತಪ್ಪು. ಒಂದು ಸಂಸ್ಥೆಯವರು ನನ್ನ ಜೊತೆ ಕಾಲು ಗಂಟೆ ಮಾತಾಡಿ "ಮುಂದಿನ ತಿಂಗಳು ಲಗೇಜ್ ಸಮೇತ ಬನ್ನಿ" ಅಂದಿದ್ದರು. ಅಂಥ ಅವಸರಕ್ಕೆ ಯಾರೂ ಒಳಗಾಗಬಾರದು. ಹೊಸಬನಿಗೆ ಸುಲಭವಾಗಿ ಬಾಗಿಲು ತೆರೆಯಬೇಡಿ, ನಾಲ್ಕೈದು ದಿನ ಬಾಗಿಲು ತಟ್ಟುತ್ತಲೇ ಇದ್ದರೆ ಆಮೇಲೆ ಒಳಗೆ ಬಿಡಿ ಎಂದು 58ನೆಯ ಅಧ್ಯಾಯ ಹೇಳುತ್ತದೆ. ಆದರೆ ಅತಿಥಿಯಾಗಿ ಹೋದವನನ್ನು ಕ್ರಿಸ್ತನೆಂದೇ ಬಗೆದು ಸತ್ಕರಿಸುತ್ತಾರೆ, 53ನೆಯ ಅಧ್ಯಾಯದ ಆಜ್ಞೆ ಅದು. ಆ ಸತ್ಕಾರದ ಸವಿಯನ್ನು ನಾನು ಕರೆ ಎಂದುಕೊಂಡಿದ್ದೆ. ಕಾವೇರಿಯ ದಡದಲ್ಲಿ ನನಗೆ ಸಿಕ್ಕಿದ್ದು ದೇವರ ವರವೇ, ಅದರಲ್ಲಿ ಅನುಮಾನವಿಲ್ಲ. ಅಲ್ಲಿ ಬದುಕಲು ಕರೆದರೇ ಎಂಬುದು ಬೇರೆ ಪ್ರಶ್ನೆ.

"ಎಲ್ಲಿ ಚೆನ್ನಾಗಿತ್ತು ಅಂತ ಕೇಳ್ತಿಲ್ಲ. ಚೆನ್ನಾಗಿಲ್ಲದ ದಿನವೂ ಎಲ್ಲಿಗೆ ಮತ್ತೆ ಹೋದೆ?" ಎಂದು ಕೇಳಿದರು ಗುರುಗಳು.

ವರ್ಷ ಮುಗಿದ ಮೇಲೂ ಬರೆಯುತ್ತಲೇ ಇದ್ದ ದಿನಕ್ಕೊಂದು ಸಾಲಿನ ಪುಸ್ತಕ ತಿರುವಿದೆ. ಆ ಮೂರು ವರ್ಷದಲ್ಲಿ, ಬೇರೆ ಯಾತ್ರೆಗಳ ನಡುವೆ, ವಾರದ ರಜೆಗೆ ಬಸ್ಸು ಹತ್ತಿ ನಾನು ಆಶೀರ್ವನಂಗೆ ಇಪ್ಪತ್ತಾರು ಸಲ ಹೋಗಿದ್ದೆ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಂಜಿಲ್ಲ, ನದಿಯಿಲ್ಲ, ಹತ್ತಿರದಲ್ಲೇ ಕಾರ್ಖಾನೆಗಳು, ಲಾರಿಗಳು. ಎಷ್ಟೋ ಸಲ ಪ್ರಾರ್ಥನೆಯಲ್ಲಿ ತೂಕಡಿಸಿದ್ದೆ, ಏನೂ ಅನ್ನಿಸದೆ ಮರಳಿದ್ದೆ. ಆ ದಿನಗಳ ಸಾಲುಗಳು ಬರೀ "ಹೋದೆ. ಪಾತ್ರೆ ತೊಳೆದೆ. ಬಂದೆ."

ಆ ಮಠಕ್ಕೂ ಒಂದು ಅಲೆದಾಟದ ಕಥೆಯಿದೆ. ಅದರ ಬೇರು ಬೆಲ್ಜಿಯಂನ ಬ್ರೂಜ್ ಹತ್ತಿರದ ಸಂತ ಅಂದ್ರೆಯರ ಮಠದಲ್ಲಿದೆ. ಇಲ್ಲಿ ಮೊದಲು ಶುರುವಾದದ್ದು 1947ರಲ್ಲಿ, ಸೇಲಂ ಕಡೆಯ ಸಿಲುವೈಗಿರಿಯಲ್ಲಿ. ಹತ್ತು ವರ್ಷದ ನಂತರ ಬೆಂಗಳೂರಿಗೆ ಬಂದು ನೆಲೆಸಿತು. ಸಿಲುವೈ ಅಂದರೆ ನಮ್ಮ ಶಿಲುಬೆ, ಕುರಿಸುಮಲ ಅಂದರೂ ಶಿಲುಬೆಯ ಬೆಟ್ಟ. ಈ ಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳುವುದು ನನಗಿಷ್ಟ.

ಅಲ್ಲಿಗೇ ಎಂದು ತೀರ್ಮಾನವಾದ ಮೇಲೂ ಹದಿನಾಲ್ಕು ತಿಂಗಳು ಕಾಯಬೇಕಾಯಿತು. ಕಾರಣ ಸಾಲ. ತೀರಿಸಲಾಗದ ಸಾಲ ಹೊತ್ತವರನ್ನು ನೊವಿಷಿಯೇಟಿಗೆ, ಅಂದರೆ ವ್ರತಕ್ಕೆ ಮೊದಲಿನ ತರಬೇತಿಗೆ, ತೆಗೆದುಕೊಳ್ಳಬಾರದು ಎಂದು ಧರ್ಮಸಭೆಯ ಕಾನೂನಿನಲ್ಲೇ ಇದೆ. ತಂಗಿಯ ಮದುವೆಗೆ ಮಾಡಿದ ಸಾಲದಲ್ಲಿ 2,80,000 ರೂಪಾಯಿ ಬಾಕಿಯಿತ್ತು. ಓಟಿ ಮಾಡಿ ತೀರಿಸಿದೆ. ಆ ಹದಿನಾಲ್ಕು ತಿಂಗಳು ನನಗೆ ಕಲಿಸಿದಷ್ಟು ಯಾವ ಧ್ಯಾನಕೂಟವೂ ಕಲಿಸಿಲ್ಲ. ಹೊರಡುವುದು ಖಚಿತವಾದ ಮೇಲೂ ನಿನ್ನೆಯಷ್ಟೇ ಜೋಪಾನವಾಗಿ ವರ್ನಿಯರ್ ಒರೆಸಿ ಇಡುವುದು ಸುಲಭವಲ್ಲ. ನಡುವೆ ಜ್ಞಾನಸ್ನಾನದ ಪತ್ರ, ದೃಢೀಕರಣ ಸಂಸ್ಕಾರದ ಪತ್ರ, ವೈದ್ಯಕೀಯ ತಪಾಸಣೆ, ಆಮೇಲೆ ರಜೆ ಹಾಕಿ ಒಂದು ತಿಂಗಳು ಮಠದೊಳಗೇ ವಾಸ. ಅತಿಥಿಗೃಹದ ಹೊರಗೆ ಮಠ ಬೇರೆಯೇ. ಒಬ್ಬರಿಗೆ ಗೊರಕೆ, ಒಬ್ಬರು ಕೀರ್ತನೆಯನ್ನು ಯಾವಾಗಲೂ ಒಂದು ಸ್ವರ ಕೆಳಗೆ ಹೇಳುತ್ತಾರೆ, ತರಕಾರಿ ಹೆಚ್ಚುವುದರಲ್ಲಿ ಒಬ್ಬೊಬ್ಬರದು ಒಂದೊಂದು ಹಟ. ಇವರ ಜೊತೆ ಸಾಯುವ ತನಕ ಎಂದು ಯೋಚಿಸಿದಾಗ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆ ಇಟ್ಟುಕೊಂಡೇ ಬೆಳಗ್ಗೆ ಏಳುತ್ತಿದ್ದೆ.

ಒಂದು ನೋವು ಉಳಿದಿದೆ. ನಾನು ಹೋದಲ್ಲೆಲ್ಲ ಕೀರ್ತನೆಗಳನ್ನು ಕೇಳಿದ್ದು ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ, ತಮಿಳಿನಲ್ಲಿ, ಸಂಸ್ಕೃತದಲ್ಲಿ. ನಡುವಿನ ಆ ಮೌನದಲ್ಲಿ ನಾನು ಕನ್ನಡದ ಅರ್ಧವನ್ನು ಒಳಗೇ ಹೇಳಿಕೊಳ್ಳುತ್ತೇನೆ. ಕನ್ನಡದ ಇನ್ನೂ ನಾಲ್ಕು ಜನ ಬಂದರೆ ಅದೂ ಒಂದು ದಿನ ಬಾಯಿಗೆ ಬಂದೀತು.

ನನಗೀಗ ಮೂವತ್ತೆರಡು. ಮುಂದಿನ ತಿಂಗಳು ಪೋಸ್ಟುಲೆಂಟ್ ಆಗಿ, ಅಂದರೆ ಉಮೇದುವಾರನಾಗಿ, ಸೇರುತ್ತೇನೆ. ಅದಾದ ಮೇಲೆ ನೊವಿಷಿಯೇಟ್, ಕಡಿಮೆಯೆಂದರೆ ಹನ್ನೆರಡು ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಕನಿಷ್ಠ ಮೂರು ವರ್ಷ. ಅಷ್ಟೂ ದಿನ ಅವರು ನನ್ನನ್ನು ನೋಡುತ್ತಾರೆ, ನಾನು ಅವರನ್ನು. ಎಲ್ಲ ದಾಟಿದರೆ ಕೊನೆಯ ದಿನ ನನ್ನ ಕೈಯಾರೆ ಬರೆದ ಪತ್ರವನ್ನು ಬಲಿಪೀಠದ ಮೇಲಿಟ್ಟು 119ನೆಯ ಕೀರ್ತನೆಯ ಒಂದು ಸಾಲನ್ನು ಮೂರು ಸಲ ಹಾಡಬೇಕು. ಪ್ರಭುವೇ, ನೀನಾಡಿದ ಮಾತಿನಂತೆ ನನ್ನನ್ನು ಸ್ವೀಕರಿಸು, ಆಗ ಬದುಕುವೆನು. ನಾನಿಟ್ಟ ನಿರೀಕ್ಷೆಯಲ್ಲಿ ನನ್ನನ್ನು ನಾಚಿಸಬೇಡ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅವ್ವ ತಂಗಿಯ ಮನೆಯಲ್ಲಿರಲು ಒಪ್ಪಿದ್ದಾಳೆ. "ಅದ ಇಲ್ಲೇ ಮಾಡ್ತಾ ಇದೀಯಲ್ಲ ಅಂದಿದ್ದೆ, ಗ್ಯಾಪಕ ಐತಾ?" ಎಂದು ಅವಳೇ ತೆಗೆದಳು. "ಇಲ್ಲಿ ನಂಗೆ ಮನಸು ಬಂದಾಗ ಮಾಡ್ತೀನಿ ಕಣವ್ವ. ಅಲ್ಲಿ ಗಂಟೆ ಹೊಡ್ದಾಗ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪ ಬದುಕಿದ್ದಾಗ ಒಲೆ ಹಚ್ಚಕ್ಕೆ ನಾನು ಮನಸು ಬರ್ಲಿ ಅಂತ ಕಾಯ್ತಿದ್ನಾ" ಅಂದಳು.

ಮಠದ ಬಟ್ಟೆ ತೊಡಿಸುವಾಗ ಕಳಚಿದ ಸ್ವಂತ ಬಟ್ಟೆಯನ್ನು ಬಿಸಾಡಬಾರದು, ತೆಗೆದಿಡಬೇಕು, ಮುಂದೆಂದಾದರೂ ಬಿಟ್ಟು ಹೋಗುವಂತಾದರೆ ಅದನ್ನೇ ಉಡಿಸಿ ಕಳಿಸಬೇಕು ಎಂದು ನಿಯಮಾವಳಿಯಲ್ಲಿದೆ. ಅದನ್ನೂ ಅವಳಿಗೆ ಹೇಳಿದೆ. ಎಷ್ಟು ವರ್ಷ ಮಡಗ್ತಾರೆ ಅಂತ ಕೇಳಿದಳು. ನಾನಿರೋ ಗಂಟ ಅಂದೆ.

ಎದ್ದು ಹೋಗಿ ಪೆಟ್ಟಿಗೆಯಿಂದ ತಂಗಿಯ ಮದುವೆಗೆ ಹೊಲಿಸಿದ್ದ ನೀಲಿ ಅಂಗಿ ತೆಗೆದಳು. ಇಸ್ತ್ರಿ ಮಾಡಿದಳು. ಮಡಚಿ, ಜೇಬಿನಲ್ಲಿ ಎರಡು ನುಸಿಗುಳಿಗೆ ಹಾಕಿ, ನನ್ನ ಬ್ಯಾಗಿನ ತಳದಲ್ಲಿಟ್ಟಳು.